ಇಪ್ಪತ್ತೆರಡು ಸಾವಿರದ ಕೂದಲು

ಮೊದಲು ನನ್ನ ಬೆಲೆ ಹೇಳಿಬಿಡುತ್ತೇನೆ. ಹೆಂಗಸರು ತಲೆ ಬಾಚಿಕೊಂಡಾಗ ಹಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಯಲ್ಲಿ ಸಿಕ್ಕಿಸುತ್ತಾರಲ್ಲ, ಅಂಥದ್ದು ಒಂದು ಚೀಲ ಕೂಡಿಸಿ ಕೊಟ್ಟರೆ ಸೈಕಲ್ಲಿನ ವ್ಯಾಪಾರಿ ಒಂದು ಪ್ಲಾಸ್ಟಿಕ್ ಬುಟ್ಟಿ ಕೊಡುತ್ತಾನೆ. ಅದನ್ನು ಬಿಡಿಸಿ, ಆರಿಸಿ, ಉದ್ದ ನೋಡಿ ಜೋಡಿಸುವ ಹೆಂಗಸಿಗೆ ಆಗ ದಿನಕ್ಕೆ ಇನ್ನೂರೈವತ್ತು ರೂಪಾಯಿ ಕೂಲಿ. ತೆಳ್ಳನೆಯ ಬಲೆಗೆ ಒಂದೊಂದೇ ಎಳೆ ಗಂಟು ಹಾಕಿದವರಿಗೆ ಎಷ್ಟು ಸಿಕ್ಕಿತೋ ನನಗೆ ಗೊತ್ತಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದರ ಕನ್ನಡಿಯ ಮುಂದೆ ಬಂದು ಕೂತ ದಿನ ನನ್ನ ಬೆಲೆ ಇಪ್ಪತ್ತೆರಡು ಸಾವಿರ. ಅಂಟಿನ ಡಬ್ಬಿಗೆ ಬೇರೆ ದುಡ್ಡು.

ನಾನು ಒಂದು ವಿಗ್. ಒಬ್ಬರ ತಲೆಯಲ್ಲಿ ಹುಟ್ಟಿದ ಪ್ರಾಣವಲ್ಲ ನನ್ನದು. ನೂರಾರು ಹೆಂಗಸರ ತಲೆಯಿಂದ ಉದುರಿ, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಒಂದಾದೆ. ಅಲ್ಲಿ ಸಾಲಾಗಿ ಕೂತ ಹೆಂಗಸರು ಕಬ್ಬಿಣದ ಮೊಳೆಗಳ ಹಣಿಗೆಯ ಮೇಲೆ ನನ್ನನ್ನು ಎಳೆದೆಳೆದು ಸಿಕ್ಕು ಬಿಡಿಸಿದರು. ಆ ಮೊಳೆ ಆಗಾಗ ಅವರ ಬೆರಳನ್ನೂ ಗೀರುತ್ತಿತ್ತು. ಕೂದಲು ತಲೆಯ ಮೇಲಿದ್ದರೆ ಸಿರಿ, ಅನ್ನದಲ್ಲಿ ಬಿದ್ದರೆ ಹೇಸಿಗೆ. ಹೇಸಿಗೆಯನ್ನು ಮತ್ತೆ ಸಿರಿ ಮಾಡುವ ಕೈಗಳವು. ನನಗೆ ತಾಯಿ ಎಂದು ಯಾರಾದರೂ ಇದ್ದರೆ ಆ ಕೈಗಳೇ.

ಹುಬ್ಬಳ್ಳಿಯ ಅಂಗಡಿಯವನು ಮಾತ್ರ ನನ್ನನ್ನು ಎತ್ತಿ ಹಿಡಿದು, "ಇಟಲಿ ಮಾಲು ಸಾಹೇಬ್ರ, ಇದನ್ನ ಕಂಡುಹಿಡಿಯೋ ಗಂಡು ಇನ್ನೂ ಹುಟ್ಟಿಲ್ಲ" ಎಂದ. ಕೊಂಡವನು ಗದಗಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಶಿವಪುತ್ರ. ವಯಸ್ಸು ಮೂವತ್ಮೂರು. ಒಳ್ಳೆಯ ಮನುಷ್ಯ. ರೈತರಿಗೆ ಹಳೆಯ ಬೀಜ ಕೊಟ್ಟವನಲ್ಲ. ಆದರೆ ನೆತ್ತಿ ಪೂರ್ತಿ ಬೋಳು. ಎರಡು ಕಡೆ ಹುಡುಗಿಯರು ಬೇಡ ಅಂದಿದ್ದರು. ಒಂದು ಕಡೆ ಹುಡುಗಿಯ ತಮ್ಮ ಬಾಗಿಲ ಹಿಂದೆ ನಿಂತು ನಕ್ಕಿದ್ದನ್ನು ಇವನು ಕೇಳಿಸಿಕೊಂಡಿದ್ದ. ಆ ನಗೆಯೇ ಅವನನ್ನು ನನ್ನ ಬಳಿಗೆ ಕರೆತಂದದ್ದು.

ಲೋಕದ ವಸ್ತುಗಳೆಲ್ಲ ಒಡೆಯರನ್ನು ಕೆಳಗಿನಿಂದ ನೋಡುತ್ತವೆ. ನನಗೆ ಮಾತ್ರ ತಲೆಯ ಮೇಲಿನ ಜಾಗ. ಅಲ್ಲಿ ಕೂತು ಹೆಮ್ಮೆಪಡಬೇಕಿತ್ತು. ಪಟ್ಟದ್ದು ಒಂದೇ ದಿನ.

ಎರಡನೆಯ ದಿನ ಹುಡುಗಿ ನೋಡಲು ಹೋದದ್ದು ಭಾಗ್ಯನಗರಕ್ಕೆ! ಮೂರನೆಯ ಸಂಬಂಧ ಅಲ್ಲಿಂದಲೇ ಬಂದಿತ್ತು. ಹುಡುಗಿಯ ಹೆಸರು ನೀಲಗಂಗಾ. ಅವಳ ತಾಯಿ ಏನನ್ನೂ ಮುಚ್ಚಿಡಲಿಲ್ಲ. "ಅಪ್ಪ ತೀರಿಹೋದ ಮ್ಯಾಲ ಮೂರು ವರ್ಷ ಕೂದ್ಲಾ ಆರ್ಸಾಕ ಹೋಗ್ಯಾಳ್ರೀ. ಅದರಾಗ ದುಡದು ಡಿಗ್ರಿ ಮುಗಿಸ್ಯಾಳ" ಎಂದಳು. ಶಿವಪುತ್ರನ ತಾಯಿ ಗಿರಿಜವ್ವ, "ಇರ್ಲಿ ಬಿಡ್ರಿ, ನಮ್ಮ ಬೀಗರು-ನೆಂಟರ ಮುಂದ ಅದನ್ನೇನು ಹೇಳಾಕ ಹೋಗಬ್ಯಾಡ್ರಿ" ಎಂದಳು. ಹಾಗೆಂದವಳಿಗೆ ಮಗನ ತಲೆಯ ಮೇಲೆ ನಾನಿರುವುದು ಚೆನ್ನಾಗಿ ಗೊತ್ತಿತ್ತು.

ನೀಲಗಂಗಾ ಅವಲಕ್ಕಿಯ ತಟ್ಟೆ ಕೊಡಲು ಬಾಗಿದಳು. ಕಿಟಕಿಯಿಂದ ಬಿಸಿಲು ನೇರ ನನ್ನ ಮೇಲೆ ಬಿದ್ದಿತ್ತು. ಅವಳ ಕಣ್ಣು ನನ್ನ ಬೈತಲೆಯ ಮೇಲೆ ಒಂದು ಗಳಿಗೆ ನಿಂತಿತು, ಅಷ್ಟೇ. ಅವಳ ತೋರುಬೆರಳಿನಲ್ಲಿ ಮೊಳೆ ಗೀರಿದ ಸಣ್ಣ ಸಣ್ಣ ಬಿಳಿ ಗೆರೆಗಳಿದ್ದವು. ನನ್ನನ್ನು ಆರಿಸಿದ್ದು ಇವಳೋ, ಇವಳ ಪಕ್ಕ ಕೂತವಳೋ, ಆಣೆ ಮಾಡಿ ಹೇಳಲಾರೆ. ಅವಳಿಗೆ ನಾನು ಯಾರೆಂದು ತಿಳಿಯಿತು ಎಂಬುದನ್ನು ಮಾತ್ರ ಆಣೆ ಮಾಡಿ ಹೇಳುತ್ತೇನೆ. ತಿಳಿದೂ ಹುಡುಗನನ್ನು ಒಪ್ಪಿದಳು. ತಿಳಿದಿದೆ ಎಂಬುದು ಶಿವಪುತ್ರನಿಗೆ ತಿಳಿಯಲಿಲ್ಲ. ಹೇಳೋಣವೆಂದರೆ ನನಗೆ ಬಾಯಿಲ್ಲ.

ಮದುವೆಯಲ್ಲಿ ಎಣ್ಣೆ-ಅರಿಶಿನದ ಶಾಸ್ತ್ರ ಬಂದಾಗ, ತಲೆಗೆ ಎಣ್ಣೆ ತಾಗಿದರೆ ನೆಗಡಿಯಾಗುತ್ತದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡ. ನಾನು ಅಕ್ಷತೆ ಸಿಕ್ಕಿಸಿಕೊಂಡು ಸುಮ್ಮನಿದ್ದೆ. ಹತ್ತು ದಿನದ ಮೇಲೆ ಇಬ್ಬರೂ ಹನಿಮೂನಿಗೆಂದು ಅಂಡಮಾನಿಗೆ ಹೊರಟರು. ಅದು ನೀಲಗಂಗಾಳ ಆಸೆ. ತುಂಗಭದ್ರಾ ಕಾಲುವೆಯಲ್ಲಿ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವಳು ಸಮುದ್ರ ನೋಡಿರಲಿಲ್ಲ. ಗಂಡನೂ ಈಜುಗಾರನೇ ಎಂದು ಅತ್ತೆಯಿಂದ ಕೇಳಿ ತಿಳಿದಿದ್ದಳು. "ನನ್ನ ಮಗ ಬಾವ್ಯಾಗ ಇಳದಾ ಅಂದ್ರ ಬಡಿಗಿ ತುಗೊಂಡು ಹೋಗಿ ಎಬ್ಬಿಸಬೇಕಿತ್ತವಾ" ಎಂದು ಗಿರಿಜವ್ವ ಹೇಳಿದ್ದಳು.

ಚೀಲದಲ್ಲಿ ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಚಟ್ನಿಪುಡಿ, ಜೊತೆಗೆ ನೀಲಗಂಗಾಳ ತಾಯಿ ಕೊಟ್ಟ ಒಂದು ಸೀಸೆ ಕೊಬ್ಬರಿ ಎಣ್ಣೆ.

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಅಂಚಿನ ಎರಡು ಸಣ್ಣ ಕ್ಲಿಪ್ಪಿಗೆ ಯಂತ್ರ ಕೂಗಿಬಿಟ್ಟರೆ ಎಂದು ಶಿವಪುತ್ರ ನಡುಗಿದ. ಕೂಗಲಿಲ್ಲ. ಕೂಗಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಪೋರ್ಟ್ ಬ್ಲೇರಿನಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಎರಡು ತಾಸಿನ ಹಡಗು. ಮೇಲಿನ ಅಟ್ಟದಲ್ಲಿ ಜೋಡಿಗಳೆಲ್ಲ ಗಾಳಿಗೆ ಮುಖವೊಡ್ಡಿ ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಇವನು ಎರಡೂ ಕೈಯಿಂದ ತಲೆ ಹಿಡಿದುಕೊಂಡು ಕೂತ.

"ಯಾಕ್ರೀ, ತಲಿ ನೋಯಾಕತ್ತೈತೇನು?"

"ಹೂಂ. ನೀ ಹೋಗು, ಫೋಟೋ ತಗೀಸ್ಕೋ."

"ಒಬ್ಬಾಕೀನ ನಿಂತು ಫೋಟೋ ತಗೀಸ್ಕೊಂಡ್ರ ಅದಕ್ಕೇನು ಹನಿಮೂನ್ ಅಂತಾರ?" ಎಂದು ಅವಳೂ ಪಕ್ಕದಲ್ಲೇ ಕೂತಳು.

ಮೂರನೆಯ ದಿನ ಸಮುದ್ರಕ್ಕೆ ಹೋದರು. ನೀರು ನೋಡಿ ಅವಳು ಹುಡುಗಿಯಂತೆ ಓಡಿದಳು. ಶಿವಪುತ್ರ ಪ್ಯಾಂಟು ಮಡಿಸಿ, ಕಣಕಾಲು ಮುಳುಗುವಷ್ಟು ದೂರ ಹೋಗಿ ನಿಂತ. ನೀರೆಂದರೆ ಭಯ ಎಂದ. ಬಾವಿಯ ಕಥೆ ಕೇಳಿದ್ದ ಹೆಂಡತಿ ಅವನ ಮುಖವನ್ನೊಮ್ಮೆ ನೋಡಿ, ಚಪ್ಪಲಿ ಬಿಟ್ಟು, ಒಬ್ಬಳೇ ಈಜಿ ಹೋದಳು. ನಮ್ಮ ಪ್ರವಾಸದ ಗುಂಪಿನಲ್ಲಿ ಮೈಸೂರಿನ ಲೋಹಿತ್ ಎಂಬ ಹೊಸ ಮದುಮಗನಿದ್ದ. ಬಾಯಿ ಸ್ವಲ್ಪ ಹೆಚ್ಚು.

"ಏನ್ ಸಾರ್, ಇಷ್ಟು ದೂರ ಚಪ್ಪಲಿ ಕಾಯೋಕೆ ಬಂದ್ರಾ?"

ಸುತ್ತ ನಿಂತವರು ನಕ್ಕರು. ಶಿವಪುತ್ರನೂ ನಕ್ಕ. ನನ್ನ ಕೆಳಗೆ ಅವನ ನೆತ್ತಿ ಕೆಂಡದಂತೆ ಬಿಸಿಯಾಗಿತ್ತು. ಬಾಗಿಲ ಹಿಂದಿನ ಹಳೆಯ ನಗೆ ಮತ್ತೆ ಕೇಳಿಸಿರಬೇಕು.

ಅಂದು ಮಧ್ಯಾಹ್ನ ನೀಲಗಂಗಾ ತೆಂಗಿನ ಮರದ ಬುಡದಲ್ಲಿ ನಿಂತು ಅಕ್ಕ ಕಸ್ತೂರಿಗೆ ಫೋನು ಮಾಡಿದಳು. ಶಿವಪುತ್ರ ಎಳನೀರು ತರಲು ಅದೇ ಮರದ ಆಚೆಗೆ ಹೋಗಿದ್ದ. ದುಡ್ಡು ಕೊಡುತ್ತಿದ್ದ ಅವನಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು.

"ಬೋಳತಲಿ ಇದ್ರ ಇರ್ಲಿ ಬಿಡಕ್ಕಾ, ನಮ್ಮಪ್ಪಗೇನು ಜಡಿ ಇತ್ತಾ? ಆದ್ರ ತಾನಾಗಿ ಹೇಳ್ಲಿ ಅಂತ ಕಾಯಾಕತ್ತೀನಿ. ಈ ಐದು ದಿನದಾಗ ನಾವಿಬ್ರ ಅದೀವಿ, ಇಲ್ಲೂ ಹೇಳ್ಲಿಲ್ಲಂದ್ರ ಮತ್ತ್ಯಾವಾಗ ಹೇಳ್ತಾರ? ತಲಿ ಮುಟ್ಟಗೊಡೂದಿಲ್ಲ, ಹತ್ರ ಹೋದ್ರ ಹಿಂದ ಸರೀತಾರ. ಊರಿಗೆ ಬಂದ ಮ್ಯಾಲ ನಾ ಸ್ವಲ್ಪ ದಿನ ಅವ್ವನ ಮನ್ಯಾಗ ಇರ್ತೀನಿ. ಆಮ್ಯಾಲ ನೋಡೂಣು."

ನಾಚಿಕೆ ಎಂದರೇನು ಎಂದು ಅಂದು ತಿಳಿಯಿತು. ಇನ್ನೆರಡು ದಿನ. ಒಬ್ಬ ಒಳ್ಳೆಯವನಿಗೂ ಒಬ್ಬ ಒಳ್ಳೆಯವಳಿಗೂ ನಡುವೆ ಕೂತ ಅಡ್ಡಗೋಡೆ ನಾನು. ಗಾಳಿ ಬೀಸಿ ಹಾರಿಹೋಗಲಿ ಎಂದು ಬೇಡಿಕೊಂಡೆ. ಆದರೆ ಒಳ್ಳೆಯ ಅಂಟು ಹಾಕಿದ್ದ.

ಆ ಅಂಟೇ ಅವನನ್ನು ಕಾಡತೊಡಗಿತು. ಮನೆಯಲ್ಲಾದರೆ ಬಚ್ಚಲಿನಲ್ಲಿ ನನ್ನನ್ನು ತೆಗೆದು ತೊಳೆದು ಒಣಗಿಸುತ್ತಿದ್ದ. ಇಲ್ಲಿ ಒಂದೇ ಕೋಣೆ, ಒಣಗಿಸಲು ಜಾಗವಿಲ್ಲ. ನಾಲ್ಕು ದಿನ ಒಂದೇ ಸಮನೆ ಉಪ್ಪುಗಾಳಿ, ಬೆವರು. ನೆತ್ತಿಯ ಅಂಚಿಗೆ ಗುಳ್ಳೆ ಎದ್ದು, ಒಡೆದು, ರಸಿಗೆ ಕಟ್ಟಿತು. ನಾಲ್ಕನೆಯ ದಿನ ಊಟವಾದ ಮೇಲೆ ಅವನು ಗೋಡೆಗೆ ತಲೆಯೊತ್ತಿ ಕೂತಿದ್ದ. ನೀಲಗಂಗಾ ಎಣ್ಣೆಯನ್ನು ಬಟ್ಟಲಿಗೆ ಬಗ್ಗಿಸಿ, ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ತಂದಳು.

"ಬರ್ರಿ, ಕೆಳಗ ಕುಂದರ್ರಿ. ಎಣ್ಣಿ ಹಚ್ತೀನಿ. ಬಾಗಲಾ ಹಾಕೇನಿ, ಯಾರೂ ಬರಂಗಿಲ್ಲ."

"ಬ್ಯಾಡ. ಎಣ್ಣಿ ನನಗ ಆಗಂಗಿಲ್ಲ ಅಂತ ಹೇಳೇನಲ್ಲ."

"ತುರ್ಸಾಕತ್ತೈತಿ ಅಂತ ನಂಗ ಕಾಣ್ತೈತ್ರಿ. ಒಮ್ಮೆ ಹಚ್ಚಗೊಡ್ರಿ. ನನ್ನ ಕೈಗೆ ಇದು ರೂಢಿ ಐತಿ."

ಅವಳು ಮುಂದೆ ಚಾಚಿದ ಕೈಯನ್ನು ಅವನು ತಳ್ಳಿದ. ಬಟ್ಟಲು ಉರುಳಿತು. ನೋವು, ಹೆದರಿಕೆ, ಚಪ್ಪಲಿಯ ಮಾತು, ಎಲ್ಲವೂ ಸೇರಿ ಅವನ ಬಾಯಿಂದ ಹೊರಬಂದವು.

"ರೂಢಿ ಇರದ ಇರ್ತೈತೇನು? ಊರವರ ಕೂದ್ಲಾ ಆರಿಸಿದ ಕೈ ಅದು. ಆ ಕೈ ನನ್ನ ತಲಿ ಮ್ಯಾಲ ಇಡಬ್ಯಾಡ."

ಊರವರ ಕೂದಲು ಅವನ ತಲೆಯ ಮೇಲೇ ಕೂತಿತ್ತು.

ನನ್ನ ಒಂದೊಂದು ಎಳೆಯೂ ಆಗ ಉದುರಿಹೋಗಬೇಕಿತ್ತು. ಯಾವ ಕೈ ನನ್ನನ್ನು ಕಸದಿಂದ ಎತ್ತಿತೋ ಆ ಕೈಗೆ ಹೇಸಿಗೆ ಎಂದವನ ತಲೆಗೆ ಅಂದ ಕೊಡುತ್ತ ಕೂತಿದ್ದೆ. ನೀಲಗಂಗಾ ಅಳಲಿಲ್ಲ. ಟವೆಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡಳು. "ಕೂದ್ಲಾ ಆರಿಸಿದ್ದನ್ನ ನಾ ಮುಚ್ಚಿಟ್ಟಿಲ್ಲ. ನೋಡಾಕ ಬಂದ ದಿನಾನ ನಮ್ಮವ್ವ ಹೇಳ್ಯಾಳ" ಎಂದಳು. ಆಮೇಲೆ ನೆಲದ ಎಣ್ಣೆ ಒರೆಸಿದಳು.

ಐದನೆಯ ದಿನ ಬೆಳಗ್ಗೆ ಅವಳು ಸಮುದ್ರಕ್ಕೆ ಹೊರಟು ನಿಂತಳು. ಸೀಸೆಯಲ್ಲಿ ಉಳಿದಿದ್ದ ಎಣ್ಣೆಯನ್ನೂ ಒಂದು ಮೆತ್ತನೆಯ ಅರಿವೆಯನ್ನೂ ಕನ್ನಡಿಯ ಮುಂದೆ ಇಟ್ಟಳು.

"ನಾ ಒಂದು ತಾಸು ಬರಂಗಿಲ್ಲ. ಎಣ್ಣಿ ಇಲ್ಲೈತಿ. ಜೋರಾಗಿ ಎಳೀಬ್ಯಾಡ್ರಿ, ಗಾಯ ಆಗ್ಯಾವು. ಅಂಚಿಗೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ರ ಅಂಟು ತಾನ ಬಿಡ್ತೈತಿ."

ಬಾಗಿಲು ಎಳೆದುಕೊಂಡು ಹೋದಳು.

ಅಂಟು ಎಂಬ ಮಾತು ಕೋಣೆಯಲ್ಲಿ ಉಳಿಯಿತು. ಶಿವಪುತ್ರ ಬಹಳ ಹೊತ್ತು ಕನ್ನಡಿಯ ಮುಂದೆ ನಿಂತಿದ್ದ. ಮೊದಲು ಅವಳಿಗೆ ಗೊತ್ತಿದೆ ಎಂಬುದು ಅವನಿಗೆ ಹೊಳೆಯಿತು. ಆಮೇಲೆ, ನಿನ್ನೆ ಅವಳು ಬಾಗಿಲು ಹಾಕಿ ಎಣ್ಣೆ ತಂದದ್ದು ಏಕೆಂಬುದು. ಕೊನೆಗೆ, ತಾನು ಅವಳಿಗೆ ಅಂದದ್ದು ಏನೆಂಬುದು. ಕನ್ನಡಿಯಲ್ಲಿ ಆ ಮೂರೂ ಒಂದರ ಹಿಂದೆ ಒಂದು ಅವನ ಮುಖಕ್ಕೆ ಬಂದದ್ದನ್ನು ನಾನು ನೋಡಿದೆ. ಮೂರನೆಯದು ಬಂದಾಗ ಅವನು ಮುಖ ಮುಚ್ಚಿಕೊಂಡ.

ಎಣ್ಣೆ ಹಚ್ಚಿದ. ಅವಳು ಹೇಳಿದಂತೆಯೇ ಅಂಟು ಬಿಟ್ಟಿತು.

ನನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು, ಗಾಯದ ಬೋಳುತಲೆಯನ್ನು ಬಿಸಿಲಿಗೆ ಒಡ್ಡಿಕೊಂಡು, ದಂಡೆಗೆ ನಡೆದ. ಲೋಹಿತ್ ಎದುರಾದ. "ಏನ್ ಸಾ..." ಎಂದವನು ಅಲ್ಲೇ ನಿಂತ. ಪಕ್ಕದಲ್ಲಿದ್ದ ಅವನ ಹೆಂಡತಿ ತೋಳು ಜಿಗುಟಿದಳು. ಪಕ್ಕಕ್ಕೆ ಸರಿದು ದಾರಿ ಬಿಟ್ಟು, "ನೀರು ಚೆನ್ನಾಗಿದೆ ಸಾರ್, ಹೋಗಿ" ಎಂದ. ಬಾಯಿಬಡುಕರಲ್ಲೂ ಮನುಷ್ಯರಿರುತ್ತಾರೆ.

ನೀಲಗಂಗಾ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಳು. ಶಿವಪುತ್ರ ದಂಡೆಯಲ್ಲೇ ನಿಂತು, "ನೀಲಾ, ಮೊದಲ ಹೇಳಬೇಕಿತ್ತು. ತಪ್ಪಾತು" ಎಂದ.

"ತಲಿ ಬೋಳ ಐತಿ ಅನ್ನೂದು ನಂಗ ನೀವು ನೋಡಾಕ ಬಂದ ದಿನಾನ ಗೊತ್ತಾಗಿತ್ರಿ" ಎಂದಳು ಅವಳು. "ನಿನ್ನಿ ಅಂದಿರಲ್ಲ, ಆ ಮಾತು ನಿಮ್ಮ ಹೊಟ್ಟ್ಯಾಗ ಐತಿ ಅನ್ನೂದು ಗೊತ್ತಿರ್ಲಿಲ್ಲ."

ಶಿವಪುತ್ರ ತಲೆ ತಗ್ಗಿಸಿ ನಿಂತ. ಕಣ್ಣೀರು ಮರಳಿಗೆ ಬಿತ್ತು.

ಅವಳು ಅವನ ನೆತ್ತಿಯ ಗಾಯಗಳನ್ನು ನೋಡಿದಳು. ಆಮೇಲೆ, "ಅಲ್ಲೇ ನಿಂತ್ರ ಬಿಸಿಲಿಗೆ ಗಾಯ ಇನ್ನೂ ಉರೀತಾವು. ನೀರಿಗೆ ಬರ್ರಿ. ಉಪ್ಪು ಚುರ್ ಅಂತೈತಿ, ತಡ್ಕೋರಿ" ಎಂದಳು.

ಅವನು ನನ್ನನ್ನು ಚಪ್ಪಲಿಯ ಮೇಲಿಟ್ಟು ನೀರಿಗಿಳಿದ. ಅವಳು ಮುಂದೆ, ಅವನು ಹಿಂದೆ. ಹದಿನೈದು ಮಾರು ದೂರದವರೆಗೂ ಆ ಬೋಳುತಲೆ ಬಿಸಿಲಿಗೆ ಹೊಳೆಯುತ್ತಿದ್ದುದು ಕಾಣಿಸಿತು. ಆ ದಿನ ಚಪ್ಪಲಿ ಕಾದದ್ದು ನಾನು.

ಊರಿಗೆ ಮರಳಿದ ಮೇಲೆ ಅವಳು ತವರಿಗೆ ಹೋಗಿ ಎಂಟು ದಿನವಿದ್ದಳು. ಒಂಬತ್ತನೆಯ ದಿನ ತಾನೇ ಬಂದಳು. ಆ ಎಂಟು ದಿನದಲ್ಲಿ ಶಿವಪುತ್ರ ಅಂಗಡಿಯ ಹಿಂದಿನ ಗೊಬ್ಬರದ ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಗಾಳಿಗೆ ಎರಡು ಕಿಟಕಿ ಇಡಿಸಿದ್ದ. "ಇಲ್ಲಿ ನಿನ್ನ ಕೂದಲಿನ ಕೆಲಸ ಶುರು ಮಾಡು. ಬೀಗರು ಬಂದ್ರ ಮೊದಲ ಇದನ್ನ ತೋರಸ್ತೀನಿ" ಎಂದ. ಹಾಗೆಯೇ ತೋರಿಸಿದ. ಗಿರಿಜವ್ವ ಒಂದು ತಿಂಗಳು ಮುಖ ಊದಿಸಿಕೊಂಡಿದ್ದು, ಆಮೇಲೆ ತಾನೇ ಬಂದು ಕೂದಲು ಆರಿಸಲು ಕೂತಳು.

ಅದಾಗಿ ಹದಿನಾಲ್ಕು ವರ್ಷ. ಈಗ ಆ ಕೋಣೆಯಲ್ಲಿ ಹನ್ನೊಂದು ಹೆಂಗಸರು ಕೂಲಿ ಮಾಡುತ್ತಾರೆ. ನಡುವೆ ಒಂದು ವರ್ಷ ನನ್ನನ್ನು ಓಣಿಯ ನಾಟಕದವರು ಒಯ್ದು ಪೊಲೀಸನ ಪಾತ್ರಕ್ಕೆ ಹಾಕಿದರು. ಶಾಲೆಯ ವಾರ್ಷಿಕ ಕೂಟದಲ್ಲಿ, ಆಮೇಲೆ ಹುಟ್ಟಿದ ಮಗಳ ತಲೆಯ ಮೇಲೂ ಒಂದು ದಿನ ಕುಣಿದೆ. ಈಗ ಎಳೆ ಕೆಂಪಾಗಿದೆ, ಬಲೆ ಹರಿದಿದೆ. ಕಿಟಕಿಯ ಪಕ್ಕದ ಮೊಳೆಗೆ ನೇತುಬಿದ್ದಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನೀಲಗಂಗಾ ನನ್ನನ್ನು ತೋರಿಸಿ, "ಬುಡ ಒಂದು ಕಡೆ, ತುದಿ ಒಂದು ಕಡೆ ಇರಬೇಕು, ಹಿಂಗ" ಎನ್ನುತ್ತಾಳೆ. ಇಟಲಿ ಮಾಲು ಎಂಬ ಮಾತು ಈ ಮನೆಯಲ್ಲಿ ಈಗ ನಗೆಯ ಮಾತು.

ದೀಪಾವಳಿಯ ನೀರು ತುಂಬುವ ಹಬ್ಬದ ಮರುದಿನ ಮನೆಯ ಗಂಡಸರಿಗೆ ಹೆಂಗಸರು ಎಣ್ಣೆ ಹಚ್ಚಿ ಆರತಿ ಮಾಡುತ್ತಾರೆ. ನೀಲಗಂಗಾ ಎಣ್ಣೆ ಬೆಚ್ಚಗೆ ಮಾಡುತ್ತಾಳೆ, ಮಣೆ ಹಾಕುತ್ತಾಳೆ, ಬಟ್ಟಲನ್ನು ಮಣೆಯ ಪಕ್ಕ ಇಟ್ಟು ಆರತಿಯ ತಟ್ಟೆ ತರಲು ಒಳಗೆ ಹೋಗುತ್ತಾಳೆ. ಗಿರಿಜವ್ವ ಇದ್ದಾಗ ಅವಳು ಹಚ್ಚುತ್ತಿದ್ದಳು. ಈಗ ಮಗಳು ಹಚ್ಚುತ್ತಾಳೆ. ಮಗಳು ಇಲ್ಲದ ದಿನ ಶಿವಪುತ್ರ ತಾನೇ ಹಚ್ಚಿಕೊಳ್ಳುತ್ತಾನೆ. ಯಾಕೆಂದು ಅವನು ಕೇಳಿಲ್ಲ. ಅವಳು ಹೇಳಿಲ್ಲ.

ನನ್ನಿಂದ ಅವನು ಕಳೆದುಕೊಂಡದ್ದು ಇಪ್ಪತ್ತೆರಡು ಸಾವಿರವಲ್ಲ. ಮನೆ ಉಳಿಯಿತು, ಮಗಳು ಹುಟ್ಟಿದಳು, ಹನ್ನೊಂದು ಜನರಿಗೆ ಕೆಲಸವಾಯಿತು. ಆ ಕೈ ಮಾತ್ರ ಮತ್ತೆ ಅವನ ತಲೆಯ ಮೇಲೆ ಬರಲಿಲ್ಲ.