ರೋಲಿನ ಅಳತೆ

"ಇನ್ನೂರ ಹತ್ತು ಮಿಲಿಮೀಟರ್." ಎಕ್ಸೈಸ್ ಇನ್‌ಸ್ಪೆಕ್ಟರ್ ನವೀನ್‌ಕುಮಾರ್ ರೋಲಿನಿಂದ ಕ್ಯಾಲಿಪರ್ ತೆಗೆದು ಬರೆದುಕೊಂಡ. ಗಂಗಾಮಣಿ ಬಿಗಿಹಿಡಿದಿದ್ದ ಉಸಿರು ಬಿಟ್ಟಳು.

ಪಾಳ್ಯದ ರಸ್ತೆಯಲ್ಲಿದ್ದ ಆ ಕಬ್ಬಿಣದ ಕಂಬಿ ಕಾರ್ಖಾನೆ ಅವಳದು. ತೊಂಬತ್ತೇಳರ ಹೊಸ ಕಾನೂನಿನಲ್ಲಿ ಸುಂಕ ತಯಾರಾದ ಕಂಬಿಯ ಮೇಲಲ್ಲ, ಯಂತ್ರ ಎಷ್ಟು ತಯಾರಿಸಬಲ್ಲದು ಎಂಬುದರ ಮೇಲೆ. ಕಾದ ಕಬ್ಬಿಣ ಒತ್ತುವ ರೋಲು ಎಷ್ಟು ದಪ್ಪ, ನಿಮಿಷಕ್ಕೆ ಎಷ್ಟು ಸುತ್ತು, ಇವನ್ನೆಲ್ಲ ಸೂತ್ರಕ್ಕೆ ಹಾಕಿದರೆ ವರ್ಷದ ಟನ್ನು ಬಂದುಬಿಡುತ್ತಿತ್ತು. ದಿನಕ್ಕೆ ಆರೇ ಗಂಟೆ ಕರೆಂಟು ಎಂದು ಬರೆಯಲು ಅರ್ಜಿಯಲ್ಲಿ ಜಾಗವಿರಲಿಲ್ಲ. ರೋಲು ಸಣ್ಣದಾದರೆ ಸುಂಕವೂ ಕಡಿಮೆ; ಅದಕ್ಕೇ ನಿನ್ನೆ ದಪ್ಪ ರೋಲು ಬಿಚ್ಚಿಸಿ, ಗುಜರಿಯಲ್ಲಿದ್ದ ಹಳೇ ಸಣ್ಣ ರೋಲು ಹಾಕಿಸಿದ್ದಳು.

"ಅದ್ರಲ್ಲಿ ಬಿರುಕೈತೆ ಕಣಮ್ಮ," ಎಂದಿದ್ದ ಮೇಸ್ತ್ರಿ ಜವರಯ್ಯ.

"ಓಡ್ಸೋದಿಲ್ಲ ಜವರಯ್ಯ. ಅಳ್ಕೊಂಡು ಹೋಗ್ಬುಡ್ತಾರೆ."

ಈಗ ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡ. "ಓಡಿಸಿ ಮೇಡಂ. ಕಬ್ಬಿಣ ಹೋಗುವಾಗಲೇ ಸುತ್ತು ಎಣಿಸಬೇಕು."

"ಬರೀ ರೋಲು ತಿರುಗ್ಸಿದ್ರೆ ಸಾಲ್ದಾ ಸಾರ್?"

"ಸಾಲದು."

ಜವರಯ್ಯ ಅವಳ ಮುಖ ನೋಡಿದ. ಅವಳು ನೆಲ ನೋಡಿದಳು. ಅವನು ಇಕ್ಕಳ ಎತ್ತಿಕೊಂಡು ರೋಲಿನ ಎದುರು ಹೋಗಿ ನಿಂತ. ಕೆಂಪಗೆ ಕಾದ ಕಂಬಿ ಹೊರಬರುವ ಜಾಗ ಅದು. ರೋಲು ಸೀಳಿದರೆ ಕಂಬಿ ಎತ್ತ ಚಿಮ್ಮುತ್ತದೋ ಹೇಳುವಂತಿರಲಿಲ್ಲ.

"ಚಲುವಯ್ಯ, ನೀನು ಆಚೆ ಹೋಗು," ಪಕ್ಕದಲ್ಲಿದ್ದ ಆಳಿಗೆ ಹೇಳಿದ. "ನಿನ್ ಮಕ್ಳು ಇನ್ನೂ ಎಳೇವು."

ಮೋಟಾರು ತಿರುಗತೊಡಗಿತು. ಕುಲುಮೆಯಿಂದ ಕಾದ ಕಬ್ಬಿಣದ ಮೊದಲ ಗಟ್ಟಿ ಬಂದು ರೋಲಿನ ಬಾಯಿಗೆ ಸಿಕ್ಕಿತು. ಟಕ್. ಇನ್ನೊಂದು ಸುತ್ತು, ಟಕ್. ಬಿರುಕು ಮೇಲೆ ಬಂದಾಗಲೆಲ್ಲ ಇಡೀ ಚೌಕಟ್ಟು ಅದುರುತ್ತಿತ್ತು. ಇನ್‌ಸ್ಪೆಕ್ಟರ್ ಸುತ್ತು ಎಣಿಸುತ್ತಿದ್ದ. ಜವರಯ್ಯ ಕದಲಲಿಲ್ಲ.

ಗಂಗಾಮಣಿ ಓಡಿಹೋಗಿ ಸ್ವಿಚ್ಚು ಕೆಳಗೆಳೆದಳು.

"ಯಾಕೆ ನಿಲ್ಲಿಸಿದಿರಿ?"

"ಇದು ನಾವು ಓಡ್ಸೋ ರೋಲಲ್ಲ ಸಾರ್. ಅದು ಶೆಡ್ ಹಿಂದೈತೆ, ತಾಡಪಾಲು ಮುಚ್ಚಿದೀವಿ. ಬನ್ನಿ, ಅಳ್ಕೊಳ್ಳಿ."

ಇನ್‌ಸ್ಪೆಕ್ಟರ್ ಮೊದಲು ಬರೆದಿದ್ದ ಅಂಕಿಯ ಮೇಲೆ ಗೀಟೆಳೆದ. "ಕೇಸಾಗುತ್ತೆ, ಗೊತ್ತಲ್ಲ?"

"ಆಗ್ಲಿ."

ಮುನ್ನೂರು ಮಿಲಿಮೀಟರ್ ಎಂದು ಬರೆದಲ್ಲಿ ಸಹಿ ಹಾಕಿದಳು. ಆ ಸುಂಕ ಕಟ್ಟಿಕೊಂಡು ಕಾರ್ಖಾನೆ ಯುಗಾದಿವರೆಗೆ ನಡೆದರೆ ಹೆಚ್ಚು ಎಂದು ಅಲ್ಲಿದ್ದವರಿಗೆಲ್ಲ ತಿಳಿದಿತ್ತು.

ಜೀಪು ಹೊರಟ ಮೇಲೆ ಜವರಯ್ಯ ಮುಖ ತೊಳೆಯಲು ತೊಟ್ಟಿಯ ನೀರಿಗೆ ಬೊಗಸೆಯಿಟ್ಟ. ನೀರು ಬೆರಳ ಸಂದಿಯಲ್ಲೇ ಸೋರಿಹೋಯಿತು. ಗಂಗಾಮಣಿ ಚೊಂಬಿನಲ್ಲಿ ಮೊಗೆದು ಹುಯ್ದಳು. ಅವನು ತಲೆಯೆತ್ತದೆ ಮತ್ತೆ ಬೊಗಸೆಯೊಡ್ಡಿದ.