ಹಿಟ್ಟಿಗಿಂತ ಸಣ್ಣದು

"ಕುಡುಕ ನನ್ಮಗನ ತಲೆ ಕೆಟ್ರೆ ಅದಕ್ಕೂ ಕಂಪನೀನೇ ಕಾರಣಾನಾ? ಹಾಕೇ ಸಹಿ!"

ಮ್ಯಾನೇಜರ್ ಕಾಗದವನ್ನು ಅತ್ತಿಗೆಯ ಮೂಗಿನ ಹತ್ತಿರ ಹಿಡಿದ. ಗಂಡನ ಮರೆವು ಕುಡಿತದಿಂದ ಬಂದದ್ದು, ಪುಡಿಯಿಂದಲ್ಲ ಎಂದು ಅದರಲ್ಲಿತ್ತು. ಅತ್ತಿಗೆಯ ಎರಡೂ ಕೈ ಚೀಲದ ಬಾಯಲ್ಲಿದ್ದವು. ಮೇಲಿನ ಕೊಳವೆಯಿಂದ ಬಿಳಿ ಪುಡಿ ಇಳಿಯುತ್ತಿತ್ತು. ಗೋಡೆಯ ಬಣ್ಣಕ್ಕೆ, ಮುಖದ ಕ್ರೀಮಿಗೆ ಹೋಗುವ ಪುಡಿ. ಹಿಟ್ಟಾದರೆ ನೆಲಕ್ಕೆ ಬೀಳುತ್ತದೆ. ಇದು ಹೊಗೆಯ ಹಾಗೆ ಗಾಳಿಯಲ್ಲಿ ನಿಂತೇ ಇರುತ್ತದೆ.

ನಾನು ಚೀಲ ಹೊಲಿಯುವ ಮಿಷನ್ ನಿಲ್ಲಿಸಿದೆ. ಅವನು ಕುಡುಕ ಅಂದದ್ದು ನನ್ನ ಅಣ್ಣನನ್ನು. ಟೀ ಕೂಡ ಕುಡಿಯದವನನ್ನು.

ಹನ್ನೊಂದು ವರ್ಷ ಅಣ್ಣ ಪುಡಿ ಅರೆಯುವ ಯಂತ್ರದ ಹತ್ತಿರ ನಿಂತಿದ್ದ. ಸಂಜೆ ಕೆಲಸ ಮುಗಿದಾಗ, ಯಂತ್ರ ಚೊಕ್ಕ ಮಾಡುವ ಗಾಳಿ ಪೈಪನ್ನೇ ನಮ್ಮ ಕಡೆ ತಿರುಗಿಸಿ ತಲೆಗೆ, ಕಿವಿಗೆ, ಮುಖಕ್ಕೆ ಊದುತ್ತಿದ್ದ. "ಮನೆ ತನಕ ಯಾಕೆ ಹೊರ್ತೀರಾ, ಇಲ್ಲೇ ಬಿಟ್ಟು ಬನ್ನಿ" ಎಂದು ನಗುತ್ತಿದ್ದ. ಆಮೇಲೆ ಪೈಪು ಇಸಿದುಕೊಂಡು ಅವನ ಮುಖಕ್ಕೆ ನಾನು ಊದುತ್ತಿದ್ದೆ. ದಿನಾ. ಹೋದ ತಿಂಗಳು ಇದನ್ನು ಕೇಳಿದ ಡಾಕ್ಟರು ತಲೆ ಮೇಲೆ ಕೈ ಹೊತ್ತು ಕೂತರು. "ಇಷ್ಟು ಸಣ್ಣ ಪುಡಿ ಮೂಗಿಂದ ಸೀದಾ ಮಿದುಳಿಗೆ ಹತ್ತಬಹುದು ಕಣಮ್ಮಾ. ನೀವೇ ಒಳಗೆ ತಳ್ಳಿದೀರಲ್ಲ!"

"ಸಾರ್," ಅಂದಳು ಅತ್ತಿಗೆ, "ಮೊನ್ನೆ ಅವರು ನಂಗೇನಂದ್ರು ಗೊತ್ತಾ? 'ಯಾರಮ್ಮಾ ನೀನು? ಮೆಲ್ಲಗೆ ಮಾತಾಡು, ಒಳಗೆ ನನ್ನ ಹೆಂಡ್ತಿ ಮಲಗಿದಾಳೆ' ಅಂದ್ರು."

ಮ್ಯಾನೇಜರ್ ನಕ್ಕ. "ನಿನ್ನ ಮುಖ ಮರೆತನಲ್ಲ, ಪುಣ್ಯ ಮಾಡಿದ್ದ ಕಣೇ!"

ಅತ್ತಿಗೆ ಕೊಳವೆ ಮುಚ್ಚಿದಳು. ಗೋಡೆಯ ಮೊಳೆಯಿಂದ ಆ ಗಾಳಿ ಪೈಪು ಇಳಿಸಿಕೊಂಡಳು.

"ಪುಡಿಯಿಂದ ಏನೂ ಆಗಲ್ಲ ಅಂತೀರಾ?"

"ಮುಖಕ್ಕೆ ಹಚ್ಕೊಳ್ಳೋ ವಸ್ತು. ಏನಾಗುತ್ತೆ?"

"ಹಚ್ಕೊಳಿ ಹಾಗಾದ್ರೆ."

ತುಂಬಿದ ಚೀಲದ ಬಾಯೊಳಗೆ ಗಾಳಿ ಬಿಟ್ಟಳು. ಎದ್ದ ಬಿಳಿ ಪುಡಿಯಲ್ಲಿ ಮ್ಯಾನೇಜರ್ ಮಾಯವಾದ. ಕೆಮ್ಮು ಮಾತ್ರ ಬಾಗಿಲ ಕಡೆ ಓಡಿ ಬಂತು. ನಾನು ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತೆ. ನಮ್ಮ ಮೂಗೂ ತೆರೆದೇ ಇತ್ತು. ನಮಗದು ಹೊಸದೇನಲ್ಲ.

"ಬಾಗಿಲು ತೆಗೀರೇ ಮುಂಡೇರಾ! ಒಳಗೆ ಹೋಗ್ತಿದೆ!"

"ಒಳಗೆ ಅಂದ್ರೆ ಎಲ್ಲಿಗೆ ಸಾರ್?" ಅಂದಳು ಅತ್ತಿಗೆ. "ಜೋರಾಗಿ ಹೇಳಿ."

ಅವನು ಕರ್ಚೀಫು ಅದುಮಿಕೊಂಡು ಮೂಲೆಯಲ್ಲಿ ಕುಕ್ಕರಿಸಿದ. ಅತ್ತಿಗೆ ಬಗ್ಗಿ ಅದನ್ನು ಕಿತ್ತೆಸೆದಳು. ಅವನ ಮುಖಕ್ಕೆ ಮೆತ್ತಿದ ಪುಡಿಯನ್ನು ಮೂಗಿನ ಒಂದು ಹೊಳ್ಳೆಗೆ, ಇನ್ನೊಂದಕ್ಕೆ, ನಿಧಾನವಾಗಿ, ಪಾತ್ರೆ ತೊಳೆಯುವಷ್ಟು ಶ್ರದ್ಧೆಯಿಂದ ಊದಿದಳು.

"ತಾಯೀ, ಕಾಗದ ಹರಿದು ಹಾಕ್ತೀನಿ. ನಿನ್ನ ಗಂಡನ್ನ ದೊಡ್ಡಾಸ್ಪತ್ರೆಗೆ ಸೇರಿಸ್ತೀನಿ. ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ, ಈಗ್ಲೇ. ನಿಲ್ಸಮ್ಮಾ!"

ನನ್ನ ಕೈ ತಾನಾಗಿ ಚಿಲಕಕ್ಕೆ ಹೋಯಿತು. ಅತ್ತಿಗೆ ಅದನ್ನು ನೋಡಿದಳು. ಮತ್ತೆ ಅವನ ಕಡೆ ತಿರುಗಿ ಪೈಪನ್ನು ಅವನ ಮೂಗಿಗೆ ಹಿಡಿದಳು.

"ಬೇಡ."