ಗೋಡೆಯ ನಡುವಿನ ಗೆರೆ

ಗೋಡೆಯ ನಡುವೆ ಇರಬೇಕಾಗಿದ್ದ ಗೆರೆ ಗೋಡೆಯಿಂದ ಹೊರಗಿತ್ತು. ಕಾವ್ಯಶ್ರೀ ಬಾಗಿಲ ಕಡೆ ಒಮ್ಮೆ ನೋಡಿ, ಕಂಪ್ಯೂಟರ್ ಪರದೆಯ ಮೇಲಿನ ನಕ್ಷೆಯಲ್ಲಿ ಅಡುಗೆಮನೆಯನ್ನು ಇನ್ನಷ್ಟು ದೊಡ್ಡದು ಮಾಡಿದಳು. ಅನುಮಾನವೇ ಇರಲಿಲ್ಲ. ಬಿಳಗಿಯಲ್ಲಿ ಮನೆ ಕಟ್ಟಿಸುತ್ತಿದ್ದವರು ಕೇಳಿದರೆಂದು ಅಭಿಜ್ಞಾ ಆ ಗೋಡೆಯನ್ನು ಒಂದಡಿ ಆಚೆ ಸರಿಸಿದ್ದಳು. ಅದರ ಸೆಂಟರ್ ಲೈನ್ ಮಾತ್ರ ಹಳೆಯ ಜಾಗದಲ್ಲೇ ಉಳಿದಿತ್ತು.

ಅಭಿಜ್ಞಾ ಊಟಕ್ಕೆ ಹೋಗಿದ್ದಳು. ಅವಳ ಕಂಪ್ಯೂಟರಿನ ಮುಂದೆ ತಾನು ಬಂದು ಕೂತದ್ದು ತಪ್ಪು ಹುಡುಕಲಿಕ್ಕೇ ಎಂಬುದು ಕಾವ್ಯಶ್ರೀಗೆ ಗೊತ್ತಿತ್ತು. ಸಿಕ್ಕಿತು.

ಶಿರಸಿಯ ಈ ಎಂಜಿನಿಯರ್ ಆಫೀಸಿನಲ್ಲಿ ಅವಳು ಹನ್ನೊಂದು ವರ್ಷಗಳಿಂದ ಮನೆಗಳ ನಕ್ಷೆ ಬಿಡಿಸುತ್ತಿದ್ದಳು. ಒಂಬತ್ತಿಂಚಿನ ಗೋಡೆಯಾದರೆ ಅಂಚಿನಿಂದ ನಾಲ್ಕೂವರೆ ಇಂಚು ಒಳಗೆ ಒಂದು ಗೆರೆ, ಆಮೇಲೆ ಅದನ್ನು ತುಂಡುಗೆರೆ ಮಾಡುವುದು, ತುದಿಗಳನ್ನು ತುಸು ಹೊರಗೆ ಎಳೆಯುವುದು. ಪ್ರತಿಯೊಂದೂ ಕೈಯಾರೆ. ಡಿಪ್ಲೊಮಾ ಮುಗಿಸಿ ಎರಡು ತಿಂಗಳ ಹಿಂದೆ ಬಂದ ಅಭಿಜ್ಞಾ ಗೋಡೆಯ ಎರಡು ಅಂಚು ಒತ್ತಿದರೆ ಸಾಕು, ನಡುವೆ ಗೆರೆ ತಾನಾಗಿ ಮೂಡುತ್ತಿತ್ತು. ಕಾವ್ಯಶ್ರೀ ಅರ್ಧ ದಿನ ಮಾಡುವುದನ್ನು ಅವಳು ಚಹಾ ಆರುವುದರೊಳಗೆ ಮುಗಿಸುತ್ತಿದ್ದಳು.

ಅದನ್ನಾದರೂ ಸಹಿಸಬಹುದಿತ್ತು. ಆಫೀಸಿನ ಯಜಮಾನ ದಿನಕರ ಹೆಗಡೆ ಬೆಳಿಗ್ಗೆ ಒಳಗೆ ಬರುತ್ತಲೇ, "ಆಸರಿಗೆ ಆತನೆ ಕೂಸೆ?" ಎಂದು ಅಭಿಜ್ಞಾಳನ್ನು ತಮ್ಮಿಬ್ಬರ ಮನೆಮಾತಿನಲ್ಲಿ, ಚಹಾ ಆಯಿತೇ ಎಂದು ಕೇಳುತ್ತಿದ್ದರು. ಅವಳೂ "ಆತು ದಿನಕರಣ್ಣ" ಎನ್ನುತ್ತಿದ್ದಳು. ಆಮೇಲೆ ಅವರು ಈ ಕಡೆ ತಿರುಗಿ, "ಕಾವ್ಯಾ, ಹೇರೂರಿನ ಫೈಲ್ ಕೊಡು" ಎನ್ನುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಕಾವ್ಯಶ್ರೀಗೆ ಅವರು 'ಸರ್' ಆಗಿಯೇ ಉಳಿದಿದ್ದರು.

ಅವಳು ಗೆರೆಯನ್ನು ಹಾಗೆಯೇ ಬಿಟ್ಟು, ಬಿಳಗಿಯ ಫೈಲು ಮುಚ್ಚಿ ತನ್ನ ಜಾಗಕ್ಕೆ ಬಂದು ಕೂತಳು.

ಊಟ ಮುಗಿಸಿ ಮರಳಿದ ಅಭಿಜ್ಞಾ ಅದೇ ಮನೆಯ ಪ್ರಿಂಟ್ ಹಿಡಿದು ಬಂದಳು. "ಅಕ್ಕಾ, ಒಂದ್ಸಲ ನೋಡ್ತೀರಾ?" ಆ ಹಾಳೆಯಲ್ಲಿ ಗೋಡೆಗಳಿರಲಿಲ್ಲ. ಪಾಯ ತೋಡುವವರಿಗೆ ಬೇಕಾದ್ದು ನಡುಗೆರೆ ಮತ್ತು ಅಳತೆ, ಅಷ್ಟೇ. ಗೆರೆಗಳೆಲ್ಲ ನೇರವಾಗಿ, ಅಚ್ಚುಕಟ್ಟಾಗಿ ಕಾಣುತ್ತಿದ್ದವು.

"ನಾ ಎಂತ ನೋಡೂದು? ನಿಂಗೇ ಎಲ್ಲ ಬರ್ತದಲ್ಲ."

ಅಭಿಜ್ಞಾ ಹೊಗಳಿಕೆ ಎಂದುಕೊಂಡು ನಕ್ಕಳು. ಸಹಿ ಹಾಕುವಾಗ ದಿನಕರ ತಲೆಯೆತ್ತದೆ ಕೇಳಿದರು, "ಕಾವ್ಯಾ, ಇದನ್ನು ನೋಡಿದ್ಯಾ?"

"ನೋಡಿದೆ ಸರ್."

ಅದು ಸುಳ್ಳಾಗಿರಲಿಲ್ಲ.

ಭಾನುವಾರ ಕಳೆಯಿತು. ಸೋಮವಾರ ಹಾಳೆ ಬಿಳಗಿಗೆ ಹೋಯಿತು. ಅಗೆಯುವ ಮೊದಲು ಸರ್ ಹೋಗಿ ನೋಡುತ್ತಾರೆ, ಅಭಿಜ್ಞಾಳನ್ನು ಕರೆದು ಬೈಯುತ್ತಾರೆ, ಮನೆಮಾತಿನಲ್ಲಿ ಬೈದರೆ ಅದು ಹೇಗೆ ಕೇಳಿಸಬಹುದು ಎಂದು ಕಾವ್ಯಶ್ರೀ ಯೋಚಿಸಿದಳು. ಫೋನು ಸದ್ದಾದಾಗೆಲ್ಲ ಕಿವಿ ಅತ್ತಲೇ ಹೋಗುತ್ತಿತ್ತು. ಆದರೆ ದಿನಕರ ಎರಡು ದಿನ ಯಲ್ಲಾಪುರದ ಕೆಲಸದಲ್ಲೇ ಉಳಿದರು.

ಬುಧವಾರ ಸಂಜೆ ಅವರು ಬಿಳಗಿಯಿಂದ ಬಂದವರು ಚಪ್ಪಲಿ ಬಿಡುವ ಮೊದಲೇ ಕೂಗಾಡಿದರು. "ಕೆರಿಯಪ್ಪಂಗೆ ವಯಸ್ಸಾಯ್ತು. ಅಡುಗೆಮನೆ ಪಾಯ ಒಂದಡಿ ಈಚೆ ತೋಡಿಸಿಟ್ಟಿದ್ದಾನೆ! ಮನೆಯವರ ಎದುರೇ ಹೇಳಿ ಬಂದೆ, ನಾಳೆಯಿಂದ ಬರಬೇಡ ಅಂತ."

ಕೆರಿಯಪ್ಪ ಮೇಸ್ತ್ರಿ ಕಾವ್ಯಶ್ರೀಯ ಊರಿನವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹಾಳೆಯ ಮೇಲಿನ ಗೆರೆ ನೆಲದ ಮೇಲೆ ಏನಾಗುತ್ತದೆಂದು ಅವಳಿಗೆ ತೋರಿಸಿಕೊಟ್ಟವನು. ಈ ನಾಲ್ಕು ದಿನಗಳಲ್ಲಿ ಅವನ ನೆನಪು ಒಮ್ಮೆಯೂ ಬಂದಿರಲಿಲ್ಲ. ತಾನು ನೋಡಿದ್ದನ್ನು ಹೇಳಬೇಕು ಎಂದು ಎದ್ದು ನಿಂತಳು.

ಅಷ್ಟರಲ್ಲಿ ಅಭಿಜ್ಞಾ ಫೈಲು ತೆರೆದು ನೋಡಿಬಿಟ್ಟಿದ್ದಳು. "ದಿನಕರಣ್ಣ, ಮೇಸ್ತ್ರಿದು ತಪ್ಪಲ್ಲ. ಯಂದೇ ತಪ್ಪು. ಗೋಡೆ ಸರಿಸಿದ್ದಿ, ಗೆರೆ ಸರಿಸಿದ್ನಿಲ್ಲೆ." ತಪ್ಪು ತನ್ನದೆಂದು ಒಪ್ಪಿಕೊಳ್ಳುವಾಗ ಅವಳ ಕಣ್ಣು ತುಂಬಿಕೊಂಡಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

ದಿನಕರ ಪರದೆ ನೋಡಿ ಉಸಿರು ಬಿಟ್ಟರು. "ಹೋಗ್ಲಿ ಬಿಡು ಕೂಸೆ. ಇನ್ನೂ ಕಾಂಕ್ರೀಟ್ ಹಾಕಿದ್ವಿಲ್ಲೆ."

ಇಷ್ಟೇ? ಹಿಂದೊಮ್ಮೆ ಮೆಟ್ಟಿಲಿನ ಅಳತೆ ತಪ್ಪಿದ್ದಕ್ಕೆ ಅವರು ಕಾವ್ಯಶ್ರೀಯ ಜೊತೆ ವಾರವಿಡೀ ಮಾತಾಡಿರಲಿಲ್ಲ. ಗೆರೆ ಎಳೆಯುವುದರಲ್ಲಿ ಮುಂದೆ, ಕೊನೆಗೆ ತಪ್ಪು ಒಪ್ಪಿಕೊಳ್ಳುವುದರಲ್ಲೂ ಈ ಹುಡುಗಿಯೇ ಮುಂದೆ. ಬಾಯಿ ತೆರೆಸಿದ್ದು ಪಶ್ಚಾತ್ತಾಪವೋ, ಇದರಲ್ಲಾದರೂ ಹಿಂದೆ ಬೀಳಬಾರದೆಂಬ ಹಟವೋ ಕಾವ್ಯಶ್ರೀಗೇ ತಿಳಿಯಲಿಲ್ಲ.

"ಶನಿವಾರವೇ ನಾನು ನೋಡಿದ್ದೆ ಸರ್. ಗೆರೆ ತಪ್ಪಿದೆ ಅಂತ ಗೊತ್ತಿತ್ತು."

ದಿನಕರ ಅವಳ ಕಡೆ ತಿರುಗಿದರು. ಬೈಯಲಿಲ್ಲ. "ನಾಳೆ ಇಬ್ಬರೂ ಬಿಳಗಿಗೆ ಹೋಗಿ. ಕೆರಿಯಪ್ಪನ್ನ ಕರೆಸ್ತೆ. ಅವನ ಎದುರು ನಿಂತು ಸರಿ ಮಾಡಿಸಿ ಬನ್ನಿ," ಎಂದು ಒಳಗೆ ಹೋದರು. ಅವಳೆದುರೂ ಮನೆಮಾತಿನಲ್ಲಿ 'ಕರೆಸ್ತೆ' ಎಂದದ್ದು ಅವರಿಗೇ ಗೊತ್ತಾಗಿರಲಿಕ್ಕಿಲ್ಲ. ಇಷ್ಟು ವರ್ಷ ಕಾದಿದ್ದ ಆ ಮಾತು ಈಗ ಬಂದದ್ದಕ್ಕೆ ಕಾವ್ಯಶ್ರೀಗೆ ಸಂತೋಷವಾಗಲಿಲ್ಲ.

ಮರುದಿನ ಸಿದ್ದಾಪುರದ ಬಸ್ಸಿನಲ್ಲಿ ಅಭಿಜ್ಞಾ ಬೇರೆ ಸೀಟಿನಲ್ಲಿ ಕೂತಳು. ಇಳಿಯುವಾಗ, "ಇಲ್ಲಿಂದ ಬಿಳಗಿಗೆ ಬೇರೆ ಬಸ್ಸಾ ಮೇಡಂ?" ಎಂದಳು.

ಕೆರಿಯಪ್ಪ ಜಾಗದಲ್ಲಿ ಕಾಯುತ್ತ ಕೂತಿದ್ದ. ಕಾವ್ಯಶ್ರೀ ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದಳು. ಅವನು ಕೆಂಪು ಮಣ್ಣಿನ ಹೆಂಟೆಯೊಂದನ್ನು ಕೈಯಲ್ಲಿ ಪುಡಿ ಮಾಡುತ್ತ ಕೇಳಿದ.

"ನಂಗೂ ಅನುಮಾನ ಬಂದಿತ್ತು. ಅಡುಗೆಮನಿ ಸಣ್ಣ ಆತು ಅಂತ. ಆದ್ರೆ ಹಾಳೆ ನಿಮ್ಮ ಆಫೀಸಿಂದು. ಕಾವ್ಯಕ್ಕ ನೋಡದೇ ಕಳಸೂದಿಲ್ಲ ಅಂದ್ಕಂಡು ತೋಡಿಸಿದೆ." ಎದ್ದು ನಿಂತು ದಾರದ ಉಂಡೆ ಬಿಚ್ಚಿದ. "ಬರ್ರಿ, ಬಿಸಿಲು ಏರ್ತದೆ."

ಕಾವ್ಯಶ್ರೀ ದಾರದ ಒಂದು ತುದಿ ಹಿಡಿದು ತೋಡಿದ ಗುಂಡಿಯ ಆಚೆ ನಿಂತಳು. ಇನ್ನೊಂದು ತುದಿಯಲ್ಲಿ ಅಭಿಜ್ಞಾ. ಟೇಪು ಹಿಡಿದ ಕೆರಿಯಪ್ಪ, ಮೂಲೆಗಳು ಸರಿಯಿವೆಯೇ ಎಂದು ನೋಡಲು, ಒಂದು ಮೂಲೆಯಿಂದ ಎದುರು ಮೂಲೆಗೆ ಅಳೆದ. ಆ ಅಳತೆ ಎಷ್ಟಿರಬೇಕೆಂಬ ಲೆಕ್ಕವನ್ನು ಅಭಿಜ್ಞಾ ಬಾಯಲ್ಲೇ ಹೇಳಿದಳು. "ಚುರುಕೈತಿ ಈ ಹುಡುಗಿ," ಎಂದ ಅವನು. ಕಾವ್ಯಶ್ರೀಯ ಎದೆಯಲ್ಲಿ ಅದೇ ಹಳೆಯ ಮುಳ್ಳು ಚುಚ್ಚಿತು.

ದಾರ ಬಿಗಿಯಾಯಿತು. ಅಭಿಜ್ಞಾ ಅದನ್ನು ತೋರುಬೆರಳಿಗೆ ಸುತ್ತಿಕೊಂಡಿದ್ದಳು. ಬೆರಳ ತುದಿ ಬೆಳ್ಳಗಾಗುತ್ತಿತ್ತು.

"ಬೆರಳಿಗೆ ಸುತ್ಕೋಬೇಡ, ಕೊಯ್ತದೆ," ಎಂದಳು ಕಾವ್ಯಶ್ರೀ. "ಗೂಟಕ್ಕೆ ಎರಡು ಸುತ್ತು ಹಾಕು."

ಅಭಿಜ್ಞಾ ಅವಳ ಕಡೆ ನೋಡಲಿಲ್ಲ. ದಾರ ಬಿಚ್ಚಿ ಗೂಟಕ್ಕೆ ಸುತ್ತಿದಳು. ಕೆರಿಯಪ್ಪ ಬಗ್ಗಿ, ದಾರದ ಗುಂಟ ಸುಣ್ಣದ ಪುಡಿ ಉದುರಿಸುತ್ತ ಒಬ್ಬಳ ಕಡೆಯಿಂದ ಇನ್ನೊಬ್ಬಳ ಕಡೆಗೆ ನಿಧಾನವಾಗಿ ನಡೆದ.